ವಾಸನೆ ತಿಳಿಯದ ಮೇಸ್ತ್ರಿ

ಮೊನ್ನೆ ಪಕ್ಕದ ಮನೆಯವರು ತಮ್ಮ ಸ್ಕೂಟರನ್ನು ನಮ್ಮ ಜಗಲಿಯ ಪಕ್ಕ ನಿಲ್ಲಿಸಿ ಹೋದರು. ಪೆಟ್ರೋಲು ತೊಟ್ಟಿಕ್ಕುತ್ತಿತ್ತೋ ಏನೋ, ವಾಸನೆ ನಡುಮನೆಯವರೆಗೂ ಬಂತು. ಮದ್ದೂರಿನ ಮೇಸ್ತ್ರಿ ನೆನಪಾದರು...

ಯುದ್ಧದ ಕಾಲ. ಪೆಟ್ರೋಲಿಗೂ ಕೂಪನ್ನು. ನಾನಾಗ ಮಳವಳ್ಳಿಯ ಜಮೀನುದಾರರೊಬ್ಬರ ಡ್ರೈವರು. ಅವರದು ಇಬ್ಬರೇ ಕೂರುವ, ಓಟಕ್ಕೆಂದೇ ಮಾಡಿದ ವಿಲಾಯತಿ ಕಾರು; ಅದಕ್ಕೆ ಎರಡೆರಡು ಕಾರ್ಬುರೇಟರು. ಅವಕ್ಕೆ ಪೆಟ್ರೋಲು ಒಯ್ಯುವ ಕೊಳವೆ ಸೀಳಿದಾಗ ಹೊಸದು ಎಲ್ಲೂ ಸಿಗಲಿಲ್ಲ. ಮದ್ದೂರಿನ ಈ ಮೇಸ್ತ್ರಿ ಸಾಬರೇ ಗತಿ. ತಾಮ್ರದ ಕೊಳವೆಯನ್ನು ಕಾಯಿಸಿ, ಒಳಗೆ ಮರಳು ತುಂಬಿ, ಎಲ್ಲೂ ಸುಕ್ಕು ಬೀಳದಂತೆ ಬಗ್ಗಿಸುತ್ತಿದ್ದರು.

ಆದರೆ ಅವರಿಗೆ ವಾಸನೆ ತಿಳಿಯುತ್ತಿರಲಿಲ್ಲ. ಯಾವುದೋ ಜ್ವರದಲ್ಲಿ ಹೋಗಿತ್ತಂತೆ. ಕೊಳವೆಯ ಕೀಲು ಬಿಗಿದ ಮೇಲೆ ಹೆಂಡತಿಯನ್ನು ಕರೆಯುವರು. ಆಕೆ ಸೆರಗು ಹೊದ್ದು ಬಂದು ಒಂದೊಂದೇ ಕೀಲನ್ನು ಮೂಸುವರು. ಕಣ್ಣಿಗೆ ಕಾಣದ ಸೋರಿಕೆಯೂ ಆಕೆಯ ಮೂಗಿಗೆ ಸಿಗುತ್ತಿತ್ತು.

ನಾನು ಆ ಕಾರು ಒಯ್ದಾಗ ಆಕೆ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಮೇಸ್ತ್ರಿ ಎರಡು ದಿನ ಕೂತು ಕೆಲಸ ಮುಗಿಸಿದರು. ಪೆಟ್ರೋಲು ಹರಿಸಿ, ಅಭ್ಯಾಸದಂತೆ ಒಳಮನೆಯ ಕಡೆ ತಿರುಗಿ ಬಾಯಿ ತೆರೆದರು... ಕರೆಯಲಿಲ್ಲ. ನನ್ನನ್ನು ನೋಡಿ, "ನೀನೇ ಒಸಿ ಮೂಸು ಬಾಪ್ಪಾ" ಎಂದರು.

ನನಗಂದು ನೆಗಡಿಯಾಗಿ ಮೂಗು ಕಟ್ಟಿತ್ತು. ಯಜಮಾನರು ಹೊರಗೆ ನಿಂತು ಅವಸರ ಮಾಡುತ್ತಿದ್ದರು. ಬಗ್ಗಿದೆ. "ಏನೂ ಬತ್ತಿಲ್ಲ" ಎಂದೆ. ನೆಗಡಿಯ ಮಾತು ಎತ್ತಲಿಲ್ಲ.

ಮಳವಳ್ಳಿ ಇನ್ನೂ ಎರಡು ಮೈಲಿ ಇದೆ ಎನ್ನುವಾಗ ಇಂಜಿನ್ನಿಗೆ ಬೆಂಕಿ ಹತ್ತಿತು. ಇಬ್ಬರೂ ಧುಮುಕಿದೆವು. ಯಜಮಾನರ ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಕಾರು ರಸ್ತೆಯಲ್ಲೇ ಉರಿದುಹೋಯಿತು. ಮೇಸ್ತ್ರಿಯ ಕೈ ಕೆಟ್ಟಿದೆ, ಹೆಂಡತಿ ಹೋದ ಮೇಲೆ ಬುದ್ಧಿ ನೆಟ್ಟಗಿಲ್ಲ ಎಂದು ಜನ ಆಡಿಕೊಂಡರು. ಅವರ ಅಂಗಡಿಗೆ ಗಾಡಿಗಳು ಬರುವುದು ನಿಂತಿತು.

ಕೆಲವು ತಿಂಗಳ ಮೇಲೆ ಮದ್ದೂರು ಸ್ಟೇಷನ್ನಿನಲ್ಲಿ ಸಿಕ್ಕರು. ಬಹಳ ಸೊರಗಿದ್ದರು. ಮುಖದಲ್ಲಿ ಕೋಪವಿರಲಿಲ್ಲ.

"ಅವತ್ತು ಸರ್ಯಾಗಿ ಮೂಸಿದ್ಯಾ?"

"ಮೂಸಿದ್ದೆ" ಎಂದೆ.

"ಅಂಗಾರೆ ತಪ್ಪು ನಂದೇ ಬುಡು."

ಆಮೇಲೆ ಅವರು ಸ್ಪ್ಯಾನರು ಮುಟ್ಟಲೇ ಇಲ್ಲವಂತೆ. ಸ್ವಾತಂತ್ರ್ಯ ಬಂದ ವರ್ಷ ಮಂಡ್ಯದಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ನಿಜ ಹೇಳಿಬಿಡೋಣವೆಂದು ಅದಕ್ಕೆ ಮುಂಚೆ ಎರಡು ಸಲ ಹೊರಟಿದ್ದೆ. ಎರಡು ಸಲವೂ ಅವರ ಬೀದಿಯ ತಿರುವಿನಿಂದಲೇ ವಾಪಸು ಬಂದೆ.

ಈಗ ನನಗೆ ಅವರಿಗಿಂತ ಹೆಚ್ಚು ವಯಸ್ಸಾಗಿದೆ. ಈ ಸಂಗತಿ ನನ್ನ ಮನೆಯವರಿಗೂ ಗೊತ್ತಿಲ್ಲ. ಮೇಸ್ತ್ರಿಯಂತೂ ತಪ್ಪು ತಮ್ಮದೆಂದೇ ನಂಬಿಕೊಂಡು ಹೋದರು...