ಟಿವಿ ಮುಂದಿನ ತಾಟು

ನಾಶಿಕದ ಡಾಕ್ಟರು ನನ್ನ ಗಂಡನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ರಕ್ತದ ವರದಿ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. "ವಹಿನಿ, ಘರೀ ಕಾಯ್ ಖಾಯ್‌ಲಾ ದೇತಾ?" ಮನೆಯಲ್ಲಿ ಏನು ತಿನ್ನಲು ಕೊಡುತ್ತೀರಿ ಎಂದು ಪ್ರಶ್ನೆ. ತೊಂಬತ್ತಾರು ಕಿಲೋ ತೂಗಿದ್ದು ಇವರು. ಐವತ್ತು ದಾಟಿದ ಗಂಡಸು. ಕೇಳಿದ್ದು ಮಾತ್ರ ನನ್ನನ್ನು. ಇವರು ಪಕ್ಕದಲ್ಲಿ ಸುಮ್ಮನೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಎಣ್ಣೆ ಕಡಿಮೆ, ಅನ್ನ ಕಡಿಮೆ ಎಂದು ಬರೆದ ಚೀಟಿಯನ್ನೂ ಡಾಕ್ಟರು ನನ್ನ ಕೈಗೇ ಕೊಟ್ಟರು.

ನಾವು ಬೀದರ ಜಿಲ್ಲೆಯವರು. ಇವರು ಇಲ್ಲಿ ನಾಶಿಕದ ಅಂಬಡ್‌ನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ದುರಸ್ತಿ ನೋಡುತ್ತಾರೆ. ನಾನು ಅಲ್ಲೇ ಹತ್ತಿರದ ಘಟಕದಲ್ಲಿ ತಯಾರಾದ ಸ್ವಿಚ್‌ಗಳನ್ನು ಪರೀಕ್ಷಿಸುತ್ತೇನೆ. ಮೊದಲೆಲ್ಲ ಇವರು ಡ್ಯೂಟಿ ಮುಗಿಸಿ ಬಂದು ಅಡುಗೆಮನೆಯಲ್ಲಿ ನನ್ನೆದುರು ಕೂತು ಉಣ್ಣುತ್ತಿದ್ದರು. ಮೂರು ರೊಟ್ಟಿ, ಪಲ್ಯ, ಒಂದಿಷ್ಟು ಅನ್ನ. ಉಂಡು ಗೆಳೆಯರ ಜೊತೆ ಕಾಲೋನಿಯನ್ನು ಒಂದು ಸುತ್ತು ಹಾಕುತ್ತಿದ್ದರು. ನಾಲ್ಕು ವರ್ಷದ ಹಿಂದೆ ಹಾಲ್‌ನ ಗೋಡೆಗೆ ದೊಡ್ಡ ಟಿವಿ ಬಂತು, ತಾಟೂ ಅದರ ಮುಂದೆ ಹೋಯಿತು. ಸುದ್ದಿ ಚರ್ಚೆ, ಕ್ರಿಕೆಟ್, ನಡುವೆ ಕರಿದ ಕುರುಕಲು ಫರಸಾಣದ ಡಬ್ಬಿ. ಗೆಳೆಯರು ಕೆಳಗಿನಿಂದ ಕೂಗಿ ಕೂಗಿ ಕರೆಯುವುದನ್ನೇ ಬಿಟ್ಟರು. ಒಂದು ಸಂಜೆ ಕೈ ತೊಳೆದು ಬಂದವರು, "ಇವತ್ತ ಪಲ್ಯ ಏನಿತ್ತು?" ಎಂದು ಕೇಳಿದರು. ಮೂರು ಅಂಗಡಿ ಅಲೆದು ಪುಂಡಿಸೊಪ್ಪು ತಂದು ಮಾಡಿದ್ದೆ. ಆಗಷ್ಟೇ ಉಂಡ ಮನುಷ್ಯನ ಪ್ರಶ್ನೆ ಅದು. ನನಗೆ ಮೈಯೆಲ್ಲ ಉರಿಯಿತು.

ಡಾಕ್ಟರು ಚೀಟಿ ಕೊಟ್ಟ ವರ್ಷದ ದೀಪಾವಳಿಗೆ ಸಂಭಾಜಿನಗರದಲ್ಲಿರುವ ಇವರ ಅಕ್ಕನ ಮನೆಗೆ ಹೋದೆವು. ಅಲ್ಲೂ ಅದೇ. ಟಿವಿಯಲ್ಲಿ ಪಂದ್ಯ, ಐದಾರು ಗಂಡಸರ ತೊಡೆಯ ಮೇಲೆ ಐದಾರು ತಾಟು. ಅಕ್ಕನ ಸೊಸೆ ರೊಟ್ಟಿಬುಟ್ಟಿ ಹಿಡಿದು ಒಬ್ಬೊಬ್ಬರಿಗೂ ಬಡಿಸುತ್ತ ಓಡಾಡುತ್ತಿದ್ದಳು. ಯಾರೂ ಅವಳ ಮುಖ ನೋಡದೆ ತಾಟು ಮುಂದೆ ಚಾಚುತ್ತಿದ್ದರು.

ಅಕ್ಕ ಎಲ್ಲರ ಎದುರೇ ಶುರುಮಾಡಿದರು. "ನನ್ನ ತಮ್ಮಗ ಏನು ಹೊಟ್ಟಿ ಬಂದದ ನೋಡ್ರಿ. ನೀನೇ ಉಣಿಸಿ ಉಣಿಸಿ ಹಿಂಗ ಮಾಡೀದಿ."

"ನಾ ಬಾಯಾಗ ತುತ್ತು ಇಡ್ಲಾಕ ಅವರೇನು ಕೂಸಾ, ಅಕ್ಕಾ?" ಎಂದೆ. ಎದ್ದು ಹೋಗಿ ಟಿವಿ ಬಂದ್ ಮಾಡಿದೆ. ಗಂಡಸರೆಲ್ಲ ಗೊಣಗಿದರು. ನಾನು ಇವರನ್ನು ಕೇಳಿದೆ, "ಈಗ ಎಷ್ಟು ರೊಟ್ಟಿ ತಿಂದ್ರಿ, ನೀವೇ ಹೇಳ್ರಿ."

"ಮೂರು," ಎಂದರು. ಸುಳ್ಳು ಹೇಳುವ ಮುಖವಾಗಿರಲಿಲ್ಲ. ಅವರು ಅದನ್ನು ನಿಜಕ್ಕೂ ನಂಬಿದ್ದರು.

ಸೊಸೆ ಬುಟ್ಟಿ ಹಿಡಿದು ನಿಂತಿದ್ದಳು. ಮೆಲ್ಲಗೆ, "ಆರು, ಮಾಮಾ," ಎಂದಳು.

ಅಕ್ಕ ಅವಳ ಮೇಲೆ ಹರಿಹಾಯ್ದರು. "ಉಣ್ಣೋರ ರೊಟ್ಟಿ ಎಣಿಸ್ಕೋತ ನಿಲ್ತೀಯೇನು? ನಿಮ್ಮ ತವರ್ಮನ್ಯಾಗ ಇದೇ ಕಲಿಸ್ಯಾರೇನು?"

"ಆಕಿಗಿ ಬಯ್ಯಬ್ಯಾಡ್ರಿ. ಕೇಳಿದಾಕಿ ನಾ. ಆಕಿ ಖರೇನೇ ಹೇಳ್ಯಾಳ," ಎಂದೆ. ಯಾರೋ ಟಿವಿ ಮತ್ತೆ ಹಚ್ಚಿದರು. ಆ ಹುಡುಗಿ ಕೆಂಪಾದ ಕಣ್ಣು ಒರೆಸಿಕೊಂಡು ಅನ್ನ ತರಲು ಒಳಗೆ ಹೋದಳು. ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಇಳಿಯುವುದಿಲ್ಲ.

ಮರಳುವಾಗ ಬಸ್ಸು ಯೇವಲಾ ಊರು ದಾಟಿತು. ಇವರು, "ನಾಕು ಮಂದಿ ಮುಂದ ನನ್ನ ಮರ್ಯಾದಿ ತಗದಿ," ಎಂದರು.

"ಡಾಕ್ಟರ ಮುಂದ ನನ್ನ ಮರ್ಯಾದಿ ಹೋಗೋವಾಗ ನೀವು ಗುಂಡಿ ಹಾಕ್ಕೋತ ಕೂತಿದ್ರಿ," ಎಂದೆ.

ಮರುದಿನದಿಂದ ಹಾಲ್‌ಗೆ ತಾಟು ಒಯ್ಯುವುದನ್ನು ನಿಲ್ಲಿಸಿದೆ. ಊಟ ಬೇಕಾದವರು ಅಡುಗೆಮನೆಗೆ ಬರಬೇಕು. ಇವರು ಮೂರು ದಿನ ಹಟದಿಂದ ಫರಸಾಣ ತಿನ್ನುತ್ತ ಟಿವಿ ಮುಂದೆಯೇ ಕೂತರು. ನಾಲ್ಕನೆಯ ದಿನ ಬಂದು ನನ್ನೆದುರು ಕೂತರು. ನಾನು ಬಡಿಸುತ್ತ ಹೋದೆ. ಮೂರನೆಯ ರೊಟ್ಟಿ ಮುಗಿದಾಗ ತಾಟಿಗೆ ಕೈ ಅಡ್ಡ ಹಿಡಿದು ಸಾಕು ಎಂದರು. ಹಿಟ್ಟು ಅದೇ, ಪಲ್ಯ ಅದೇ, ಬಡಿಸಿದವಳೂ ನಾನೇ.

ಗೆದ್ದೆನೆಂದು ಬೀಗುತ್ತಿದ್ದೆ. ಕಾಲೇಜಿಗೆ ಹೋಗುವ ಮಗಳು, "ಮಮ್ಮಿ, ಆಣಿ ತುಝಂ ಕಾಯ್?" ಎಂದಳು. ಮತ್ತೆ ನಿನ್ನದೇನು ಎಂದು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಉತ್ತರಿಸುವುದು ಮರಾಠಿಯಲ್ಲೇ. ರಜೆಯ ದಿನ ಮಧ್ಯಾಹ್ನದಿಂದ ಸಂಜೆಯವರೆಗೆ ಒಂದರ ಹಿಂದೊಂದು ಧಾರಾವಾಹಿ, ನನ್ನ ಮಡಿಲಲ್ಲಿ ಅವಲಕ್ಕಿ ಚೂಡಾದ ಡಬ್ಬಿ, ಅದನ್ನು ಯಾರು ಖಾಲಿ ಮಾಡುತ್ತಾರೆ ಎಂದು ಕೇಳಿದಳು.

"ದೊಡ್ಡವರಿಗಿ ಹಿಂಗ ಮಾತಾಡ್ತಾರೇನು?" ಎಂದು ಗದರಿದೆ. ಗದರಿದ ಮೇಲೆ ನನ್ನ ದನಿ ಥೇಟು ಅಕ್ಕನ ದನಿಯಂತಿದೆ ಅನಿಸಿ ನಾಚಿಕೆಯಾಯಿತು. ಮರುದಿನ ಔಷಧದ ಅಂಗಡಿಯ ಯಂತ್ರದ ಮೇಲೆ ನಿಂತೆ. ನನಗೆ ಗೊತ್ತಿದ್ದ ತೂಕಕ್ಕಿಂತ ಏಳು ಕಿಲೋ ಹೆಚ್ಚು. ಬ್ಲೌಸುಗಳು ತೊಳೆದು ತೊಳೆದು ಬಿಗಿಯಾಗಿವೆ ಎಂದು ಅಷ್ಟು ದಿನ ಸಾಬೂನನ್ನು ಬೈಯುತ್ತಿದ್ದೆ.

ಅಂದಿನಿಂದ ಭಾನುವಾರ ಬೆಳಿಗ್ಗೆ ನಾನೂ ಇವರೂ ಪಾಂಡವಲೇಣಿ ಗುಹೆಗಳ ಗುಡ್ಡ ಹತ್ತುತ್ತೇವೆ. ಮೊದಲ ದಿನ ಮೆಟ್ಟಿಲುಗಳ ಅರ್ಧಕ್ಕೇ ಇಬ್ಬರೂ ಏದುಸಿರು ಬಿಡುತ್ತ ಕೂತೆವು. ಈಗ ಮೇಲಿನ ತನಕ ಹೋಗುತ್ತೇವೆ. ಇವರು ಐದು ಕಿಲೋ ಇಳಿದಿದ್ದಾರೆ, ನಾನು ಎರಡು.

ಟಿವಿ ಗೋಡೆಯ ಮೇಲೇ ಇದೆ. ಪಂದ್ಯವಿದ್ದ ದಿನ ಇವರು ತಾಟು ಹಿಡಿದು ಅತ್ತ ನಡೆಯುತ್ತಾರೆ. ನಾನು ಅಡ್ಡ ನಿಲ್ಲುವುದಿಲ್ಲ. ಎರಡು ರೊಟ್ಟಿ ಹಾಕಿ ಕೊಟ್ಟು, ನನ್ನ ತಾಟು ಹಚ್ಚಿಕೊಂಡು ಅಡುಗೆಮನೆಯಲ್ಲೇ ಕೂರುತ್ತೇನೆ. "ಇನ್ನೊಂದು ರೊಟ್ಟಿ ತಾ," ಎಂದು ಅಲ್ಲಿಂದಲೇ ಕೂಗುತ್ತಾರೆ. ಕೇಳಿಸಿದರೂ ನಾನು ಏಳುವುದಿಲ್ಲ.