ರಾಣಿ ಹೊಳೆಗೆ ಹಾರಲಿಲ್ಲ

ಅರಕಲಗೂಡಿನ ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಈಶ್ವರಯ್ಯನವರಿಗೆ ವ್ಯಾಪಾರಕ್ಕಿಂತ ನಾಟಕದ ಮೇಲೆಯೇ ಹೆಚ್ಚು ಜೀವ. ಸಂಜೆ ಅಂಗಡಿ ಮುಚ್ಚಿದರೆ ಹಿಂದಿನ ಪಡಸಾಲೆಯಲ್ಲಿ ಗೆಳೆಯರನ್ನು ಕೂಡಿಸಿಕೊಂಡು ತಾಲೀಮು ನಡೆಸುತ್ತಿದ್ದರು. ೧೯೩೭ರಲ್ಲಿ ತಾವೇ ಒಂದು ನಾಟಕ ಬರೆದರು. ಹಳೆಯ ಕಾಲದ ಹೊನ್ನಲದೇವಿ ಎಂಬ ರಾಣಿಯ ಕಥೆ. ಯಾವ ಶಾಸನದಲ್ಲೂ ಇಲ್ಲದ, ಅವರ ತಲೆಯಲ್ಲೇ ಹುಟ್ಟಿದ ರಾಣಿ. ಗಂಡ ಯುದ್ಧದಲ್ಲಿ ಮಡಿದ ಮೇಲೆ ರಾಜ್ಯವಾಳುತ್ತಿದ್ದ ಆಕೆಯನ್ನು ಮೈದುನ ಮೋಸದಿಂದ ಕೋಟೆ ಬಾಗಿಲು ತೆಗೆಸಿ ಸಿಂಹಾಸನದಿಂದ ಇಳಿಸುತ್ತಾನೆ. ಕೊನೆಗೆ ರಾಣಿ ಹೊಳೆಗೆ ಹಾರುತ್ತಾಳೆ.

ರಾಣಿಯ ಪಾತ್ರ ಗೆಳೆಯರಲ್ಲೊಬ್ಬನಾದ ಚಂದ್ರಯ್ಯನದು. ನಾಟಕ ಹತ್ತಿರ ಬಂದಾಗ ಮೈಸೂರಿನ ಕಂಪನಿಯೊಂದು ಕರೆಯಿತೆಂದು ಅವನು ಬಸ್ಸು ಹತ್ತಿಬಿಟ್ಟ. ಈಶ್ವರಯ್ಯ ತಲೆಯ ಮೇಲೆ ಕೈ ಹೊತ್ತು ಕೂತರು.

ಮಗಳು ನೀಲಗಂಗಮ್ಮ ಬಂದು ಎದುರಿಗೆ ನಿಂತಳು. ಹೊಳೆನರಸೀಪುರಕ್ಕೆ ಮದುವೆಯಾಗಿ ಹೋಗಿದ್ದವಳು. ಗಂಡ ವಿಷಮಜ್ವರದಲ್ಲಿ ತೀರಿಕೊಂಡ ಮೇಲೆ ಮೈದುನ ಬೀಗದ ಕೈ ಕಿತ್ತುಕೊಂಡು, ಅವಳನ್ನು ಗಾಡಿ ಹತ್ತಿಸಿ ತವರಿಗೆ ಅಟ್ಟಿದ್ದ.

"ಅಪ್ಪಯ್ಯ, ರಾಣಿ ಪಾತ್ರ ನಾನು ಮಾಡ್ತೀನಿ."

"ಏನವ್ವ ಅಂತೀಯ? ಹೆಂಗಸು ರಂಗ ಹತ್ತಾದಾ? ಜನ ಸುಮ್ಕಿರ್ತಾರಾ?"

"ಗೋಡೆ ಈಚೆ ಕೂತು ಕೇಳಿ ಕೇಳಿ ಮಾತೆಲ್ಲ ಬಾಯಿಗೆ ಬಂದೈತೆ. ಒಂದೇ ಒಂದು. ನಾನು ಹೊಳೆಗೆ ಹಾರಾಕಿಲ್ಲ."

"ಎಲ್ಲ ಕಳ್ಕಂಡೋಳು ಕಣವ್ವ ಆಕೆ. ಸಾಯ್ದೆ ಇನ್ನೇನ್ ಮಾಡ್ತಾಳೆ?"

"ನಾನೇನ್ ಮಾಡ್ದೆ ಅಪ್ಪಯ್ಯ? ನನ್ನೂ ಮನೆಯಿಂದ ಆಚೆಗೆ ಹಾಕುದ್ರು. ಹೇಮಾವತಿ ಅಲ್ಲೇ ಹರೀತಿತ್ತು. ಹಾರುದ್ನಾ?"

ತಾವು ಬರೆದದ್ದು ಯಾರ ಕಥೆಯೆಂದು ಈಶ್ವರಯ್ಯನವರಿಗೆ ಹೊಳೆದದ್ದು ಆಗಲೇ. ಮಗಳ ಮುಖ ನೋಡಲಾಗದೆ ಹೆಗಲ ವಲ್ಲಿಯಿಂದ ಕಣ್ಣೊರೆಸಿಕೊಂಡರು. ಕೊನೆಯ ದೃಶ್ಯವನ್ನು ಇಬ್ಬರೂ ಕೂತು ಹೊಸದಾಗಿ ಬರೆದರು.

ಸುದ್ದಿ ಊರಲ್ಲಿ ಹರಡಿತು. ಸಮಾಜದ ಹಿರಿಯರಾದ ಚಂದ್ರಶೇಖರಯ್ಯ ಅಂಗಡಿಗೇ ಬಂದು ಕೂಗಾಡಿದರು. "ಗಂಡನ್ನ ಕಳ್ಕಂಡೋಳು ಬಳೆ ತೊಟ್ಟು, ಹೂ ಮುಡ್ದು ಜನದ ಮುಂದೆ ನಿಂತ್ರೆ ನಮ್ ಮಾನ ಏನಾಯ್ತದೆ ಈಶ್ವರಯ್ಯ?"

ಉತ್ತರ ಒಳಗಿನಿಂದ ಬಂತು. "ರಾಣಿನೂ ಗಂಡನ್ನ ಕಳ್ಕಂಡೋಳೇ, ಅಯ್ಯನೋರೇ. ಬಳೆ ತೊಡಾಕಿಲ್ಲ, ಹೂ ಮುಡಿಯಾಕಿಲ್ಲ. ಕಿರೀಟ ಮಾತ್ರ ಇಟ್ಕತೀನಿ."

ಚಂದ್ರಶೇಖರಯ್ಯ ಧಡಧಡನೆ ಎದ್ದು ಹೋದರು. ನಾಟಕದ ದಿನ ಹಾರ್ಮೋನಿಯಂ ನುಡಿಸುವ ಚೆನ್ನಯ್ಯ ಹಿರಿಯರಿಗೆ ಹೆದರಿ ಬರಲೇ ಇಲ್ಲ.

ಅಕ್ಕಿ ಗಿರಣಿಯ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಹಾರ್ಮೋನಿಯಂ ಇಲ್ಲದ ಮೊದಲ ಹಾಡಿಗೆ ನೀಲಗಂಗಮ್ಮನ ಶ್ರುತಿ ತಪ್ಪಿತು. ಹಿಂದಿನಿಂದ ಯಾರೋ ಶಿಳ್ಳೆ ಹಾಕಿ ನಕ್ಕರು. ಅವಳು ನಿಲ್ಲಿಸಿ, ಉಸಿರು ಎಳೆದುಕೊಂಡು, ಮತ್ತೆ ಮೊದಲಿನಿಂದ ಹಾಡಿದಳು. ಕೋಟೆ ಬಾಗಿಲು ತೆರೆಯುವ ಹೊತ್ತಿಗೆ ಅಂಗಳದಲ್ಲಿ ಕೆಮ್ಮುವವರೂ ಇರಲಿಲ್ಲ.

ಸಿಂಹಾಸನದಲ್ಲಿ ಕೂತ ಮೈದುನ, ಕಾಲಿಗೆ ಬಿದ್ದರೆ ಅರಮನೆಯ ಮೂಲೆಯಲ್ಲಿ ಒಂದು ತುತ್ತು ಹಾಕುವೆನೆಂದ. ರಾಣಿ ಕಿರೀಟ ತೆಗೆದು ನೆಲಕ್ಕಿಟ್ಟಳು.

"ನೀನು ಕದ್ದು ತೆಗೆಸಿದ ಬಾಗಿಲಿನಿಂದಲೇ ನಾನು ಹಗಲಿನಲ್ಲಿ, ತಲೆಯೆತ್ತಿ ಹೋಗುತ್ತೇನೆ."

ರಂಗದಿಂದ ಇಳಿದು ಜನರ ನಡುವೆ ನಡೆದಳು. ಹೆಂಗಸರು ಸರಿದು ದಾರಿ ಬಿಟ್ಟರು. ಕೂಲಿಯ ಮಾರಮ್ಮ ಎದ್ದುನಿಂತು, "ಓಗವ್ವ, ನನ್ ತಾಯಿ, ಓಗು!" ಎಂದು ಕೂಗಿದಳು.

ಎಲ್ಲರೂ ಒಪ್ಪಲಿಲ್ಲ. ಎಷ್ಟೋ ಕಾಲ ಈಶ್ವರಯ್ಯನವರ ಮನೆಗೆ ಮದುವೆಯ ಕರೆ ಬರಲಿಲ್ಲ, ಅಂಗಡಿಗೆ ಗಿರಾಕಿಗಳು ಕಡಿಮೆಯಾದರು. ನೀಲಗಂಗಮ್ಮ ಮಾತ್ರ ನಿಲ್ಲಿಸಲಿಲ್ಲ. ಚನ್ನರಾಯಪಟ್ಟಣದಲ್ಲಿ ಆಡಿದಳು, ಹಾಸನದಲ್ಲಿ ಆಡಿದಳು. ೧೯೪೧ರಲ್ಲಿ ಹೊಳೆನರಸೀಪುರದಿಂದ ಕರೆ ಬಂದಾಗ ಅಪ್ಪ ಹಿಂದೆಮುಂದೆ ನೋಡಿದರು. ಅವಳು ಆಗಲೇ ಸೀರೆ ಮಡಚಿಡುತ್ತಿದ್ದಳು.

ಅಲ್ಲಿ ಅವಳ ಮೈದುನ ನಾಟಕಕ್ಕೆ ಬರಲಿಲ್ಲ. ಅತ್ತೆ ಪುಟ್ಟತಾಯಮ್ಮ ಬಂದಿದ್ದರು. ಆಟ ಮುಗಿದ ಮೇಲೆ ಪರದೆಯ ಹಿಂದೆ ಬಂದರು.

"ಊಟ ಆಯ್ತೇನವ್ವ?"

"ಇಲ್ಲ ಅತ್ತೆಮ್ಮ."

"ಮನೆಗೆ ಬಾ. ಬಿಸಿ ಅನ್ನ ಮಾಡಾಕ್ತೀನಿ."

"ಆ ಮನೆಗೆ ಬರಾಕಿಲ್ಲ. ಇಲ್ಲೇ ನಮ್ ಜೊತೇಲಿ ಕೂತ್ಕಳಿ, ಒಟ್ಟಿಗೆ ಉಣ್ಣಾನ."

ಪುಟ್ಟತಾಯಮ್ಮ ಒಮ್ಮೆ ಮನೆಯ ದಾರಿಯ ಕಡೆ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೊಸೆಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತರು.