ಅರವತ್ತರಿಂದ ಭಾಗಿಸಿದ್ದು

ಗೌರಕ್ಕ, ಆ ಸರಾಸರಿಯನ್ನು ನಾನು ಬೇಕೆಂದೇ ತಪ್ಪಾಗಿ ತೆಗೆದೆ. ಮರೆತು ಅಲ್ಲ, ಗೊತ್ತಾಗದೆಯೂ ಅಲ್ಲ — ಹೊಟ್ಟೆಕಿಚ್ಚಿನಿಂದ.

ಆಗ ಎಂಬತ್ತರ ಆಸುಪಾಸು. ಎಸ್ಸೆಸ್ಸೆಲ್ಸಿ ಪಾಸಾಗಿ ಹಂದನಕೆರೆ ಕಡೆಯ ಈ ಮನೆಗೆ ಕಿರಿಸೊಸೆಯಾಗಿ ಬಂದವಳು ನಾನು. ಹೆಬ್ಬೆಟ್ಟಿನ ಹಿರಿಸೊಸೆ ನೀನು. ತೆಂಗಿನ ತೋಟ ಅಣ್ಣ ತಮ್ಮಂದಿರಿಗೆ ಪಾಲಾಗಿತ್ತು. ಬಂದವರೆಲ್ಲ ನಿನ್ನ ಪಾಲಿನ ಬದುವಿನ ಮೇಲೇ ನಿಂತು "ಗೌರಮ್ಮನ ಕೈಗುಣ ಕಣಪ್ಪ" ಅನ್ನುವರು. ಅತ್ತೆಯಂತೂ ನನ್ನ ಮುಖದೆದುರೇ ಅನ್ನುವರು. ನನ್ನ ಓದು ಯಾರಿಗೆ ಬೇಕಿತ್ತು? ಮೈಯೆಲ್ಲ ಉರಿಯುತ್ತಿತ್ತು ಅಕ್ಕ, ಸುಳ್ಳೇಕೆ ಹೇಳಲಿ.

ಆ ವರ್ಷ ತೋಟಗಾರಿಕೆ ಇಲಾಖೆಯವರು ಬಂದು, ಬಿತ್ತನೆಕಾಯಿಗೆ ಊರಿನ ಒಂದು ತೋಟ ಆರಿಸುತ್ತೇವೆ, ಮರಕ್ಕೆ ಸರಾಸರಿ ಎಷ್ಟು ಕಾಯಿ ಎಂದು ಬರೆದುಕೊಡಿ ಎಂದರು. "ಫಲ ಬಿಡೋ ಮರಗಳ್ನಷ್ಟೇ ಲೆಕ್ಕಕ್ಕೆ ಹಿಡೀರಮ್ಮ" ಎಂದು ನನಗೇ ಹೇಳಿ ಹೋದರು. ನೀನು ಹಿತ್ತಲಲ್ಲಿ ಗರಿ ಹೆಣೆಯುತ್ತಿದ್ದೆ, ಕೇಳಿಸಿಕೊಳ್ಳಲಿಲ್ಲ.

ನಿನಗೆ ವರ್ಷಕ್ಕೆ ಮೂರು ಸಾವಿರದ ಆರು ನೂರು ಕಾಯಿ. "ಮರ ಎಷ್ಟಕ್ಕ?" ಎಂದೆ.

"ಅರವತ್ತು ಕಣೇ."

ಬಿಡುವ ಮರ ನಲವತ್ತು, ಹೊಂಬಾಳೆಯನ್ನೇ ಕಾಣದ ಸಸಿ ಇಪ್ಪತ್ತು — ಅದು ನನಗೆ ಗೊತ್ತಿತ್ತು. ನಮ್ಮವರು ನೆಟ್ಟ ಸಸಿಯನ್ನೂ ಮರವೆಂದೇ ಎಣಿಸುತ್ತಾರಲ್ಲ. "ಕೂಸು ಅಂತ ಮನೆ ಲೆಕ್ಕದಿಂದ ಬುಡ್ತಾರೇನೇ?" ಎಂದು ನೀನೇ ನಕ್ಕಿದ್ದೆ. ಸಸಿ ಬಿಟ್ಟು ಹೇಳಕ್ಕ — ಇಷ್ಟೇ ಮಾತು, ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನಲವತ್ತರಿಂದ ಭಾಗಿಸಿದ್ದರೆ ಮರಕ್ಕೆ ತೊಂಬತ್ತು ಕಾಯಿ. ಅರವತ್ತರಿಂದ ಭಾಗಿಸಿ ಅರವತ್ತು ಎಂದು ಬರೆದೆ. ನನ್ನ ಪಾಲಿನ ಲೆಕ್ಕಕ್ಕೆ ಬಂದಾಗ ಮಾತ್ರ — ಸಸಿಗಳನ್ನು ಚೊಕ್ಕವಾಗಿ ಕೈಬಿಟ್ಟೆ. ಎಪ್ಪತ್ತೈದು ಬಂತು.

ನನ್ನ ತೋಟವೇ ಆಯ್ಕೆಯಾಯಿತು. ಅತ್ತೆ ಊರೆಲ್ಲ ಹೇಳಿಕೊಂಡು ಬಂದರು. ಆ ರಾತ್ರಿ ನಾನು ಎರಡು ಮುದ್ದೆ ಉಂಡೆ.

ನೀನು ಜಗಳವಾಡಿದ್ದರೆ — ಆಡಲಿಲ್ಲ. ಕಣ್ಣೆದುರಿನ ಗೊನೆಗಳನ್ನು ಬಿಟ್ಟು ನನ್ನ ಅಂಕಿಯನ್ನು ನಂಬಿದೆ. ನಿನ್ನ ಮರದ ಕಾಯಿಯಿಂದಲೇ ಎಬ್ಬಿಸಿದ ಆ ಇಪ್ಪತ್ತು ಸಸಿಗಳನ್ನೂ ಕೀಳಿಸಿ, ಮಂಕರಿ ಹಿಡಿದು ನನ್ನ ಬಾಗಿಲಿಗೆ ಬಂದೆ.

"ನಿನ್ ಮರದ ಕಾಯಿ ಇಪ್ಪತ್ತು ಕೊಡೇ ಸರೋಜಿ. ನನ್ ತಳೀನೇ ಸರಿಯಿಲ್ಲ, ಲೆಕ್ಕದಲ್ಲೇ ಗೊತ್ತಾಯ್ತಲ್ಲ."

ಆಗಲಾದರೂ ಹೇಳಬಹುದಿತ್ತು. ಎಣಿಸಿ ಮಂಕರಿಗೆ ಹಾಕಿದೆ. ಎತ್ತಿ ನಿನ್ನ ತಲೆಯ ಮೇಲೂ ಇಟ್ಟೆ.

ನನ್ನ ಕಾಯಿಂದ ನೀನು ಎಬ್ಬಿಸಿದ ಆ ಸಾಲು ಇವತ್ತಿಗೂ ನಿನ್ನ ಹಳೆಯ ನಲವತ್ತು ಮರಗಳಷ್ಟು ಬಿಡುವುದಿಲ್ಲ. ಪ್ರತಿ ಕೊಯ್ಲಿಗೂ ಅದರ ಬುಡದಲ್ಲಿ ನಿಂತು "ನನ್ ಕೈಗುಣ ಹೋಯ್ತು ಕಣೇ" ಎನ್ನುತ್ತೀಯ. ಇಷ್ಟು ವರ್ಷ ಪಕ್ಕದಲ್ಲೇ ನಿಂತು ಹೂಂಗುಟ್ಟಿದ್ದೇನೆ.

ನಿನಗೆ ಓದು ಬಾರದು. ನಾಳೆ ಬೆಳಿಗ್ಗೆ ಈ ಹಾಳೆ ಹಿಡಿದು ಬರುತ್ತೇನೆ. ಆ ಸಾಲಿನ ಬುಡದಲ್ಲೇ ನಿಂತು, ಒಂದಕ್ಷರ ಬಿಡದೆ ಓದುತ್ತೇನೆ. ಹೋಗಿದ್ದು ನಿನ್ನ ಕೈಗುಣ ಅಲ್ಲ ಅಕ್ಕ.